ಕ್ರಿಯಾಪದಕ್ಕೆ ಅಂಟುವ ಸರ್ವನಾಮಗಳು: ನಾನು ಸ್ಪ್ಯಾನಿಷ್ ಕಲಿತ ಬಗೆ

ಮೆಕ್ಸಿಕೊದ ಗ್ವಾದಲಹಾರ ನಗರದ ಸಹೋದ್ಯೋಗಿಗಳ ಜೊತೆ ನಿತ್ಯ ಮಾತನಾಡಬೇಕಾದ ಕೆಲಸಕ್ಕೆ ಸೇರಿದ ಮೇಲೆ, ಬೆಂಗಳೂರಿನ ಮಲ್ಲೇಶ್ವರದ ಒಂದು ಸಂಜೆ ತರಗತಿಯಲ್ಲಿ ಸ್ಪ್ಯಾನಿಷ್ ಕಲಿಯತೊಡಗಿದೆ. ಮೊದಲ ಹಂತದಲ್ಲಿ ಉಚ್ಚಾರಣೆಯಾಗಲಿ, ಪುರುಷ–ವಚನಗಳಿಗೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗುವುದಾಗಲಿ ನನ್ನನ್ನು ಹೆಚ್ಚು ಕಾಡಲಿಲ್ಲ. ‘ಮಾಡುತ್ತೇನೆ, ಮಾಡುತ್ತೀಯೆ, ಮಾಡುತ್ತಾರೆ’ ಎಂದು ಮಾತು ಕಲಿತಂದಿನಿಂದ ಹೇಳುತ್ತ ಬಂದವರಿಗೆ ಅದರಲ್ಲಿ ಹೊಸತೇನೂ ಇಲ್ಲ. ಬಹುಕಾಲ ಹಿಡಿದದ್ದು ಕರ್ಮವನ್ನೂ ಸಂಪ್ರದಾನವನ್ನೂ ಸೂಚಿಸುವ ಪುಟ್ಟ ಸರ್ವನಾಮಗಳು: ಮೆ, ತೆ, ಲೊ, ಲ, ಲೆ, ನೊಸ್, ಲೊಸ್, ಲಸ್, ಲೆಸ್, ಸೆ, ಸ್ಪೇನ್ ದೇಶದಲ್ಲಾದರೆ ಇವುಗಳ ಜೊತೆಗೆ ಒಸ್. ಇವು ಕೆಲವೊಮ್ಮೆ ಕ್ರಿಯಾಪದಕ್ಕಿಂತ ಮೊದಲು ಬಿಡಿಯಾಗಿ ನಿಲ್ಲುತ್ತವೆ, ಕೆಲವೊಮ್ಮೆ ಅದರ ಕೊನೆಗೆ ಅಂಟಿಕೊಂಡು ಒಂದೇ ಪದವಾಗುತ್ತವೆ. ಈ ಬರಹದಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಕೊಡುವಾಗ ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ, ಉಳಿದವನ್ನು ಹ್ರಸ್ವವಾಗಿ ಬರೆದಿದ್ದೇನೆ. ಹಾಗೇಕೆಂಬುದು ಮುಂದೆ ತಿಳಿಯುತ್ತದೆ.

ನಿಯಮವನ್ನು ಹೇಳುವುದು ಸುಲಭ. ಕಾಲ, ಪುರುಷ, ವಚನಗಳನ್ನು ತೋರುವ ಪೂರ್ಣ ಕ್ರಿಯಾಪದವಿದ್ದರೆ ಸರ್ವನಾಮ ಅದಕ್ಕಿಂತ ಮೊದಲು, ಪ್ರತ್ಯೇಕ ಪದವಾಗಿ ಬರುತ್ತದೆ: ‘ಲೊ ಕೋಂಪ್ರೊ’ ಎಂದರೆ ‘ಅದನ್ನು ಕೊಳ್ಳುತ್ತೇನೆ’. ‘ಕೊಳ್ಳಲು’ ಎಂಬಂಥ ರೂಪಕ್ಕೆ, ‘ಕೊಳ್ಳುತ್ತ’ ಎಂಬಂಥ ರೂಪಕ್ಕೆ ಮತ್ತು ‘ಕೊಳ್ಳು’ ಎಂಬ ಆಜ್ಞೆಗೆ ಮಾತ್ರ ಅದು ಕೊನೆಯಲ್ಲಿ ಅಂಟುತ್ತದೆ: ಕ್ರಮವಾಗಿ ‘ಕೊಂಪ್ರಾರ್ಲೊ’, ‘ಕೊಂಪ್ರಾಂದೊಲೊ’, ‘ಕೋಂಪ್ರಲೊ’. ಆಜ್ಞೆ ನಿಷೇಧವಾದರೆ ಸರ್ವನಾಮ ಮತ್ತೆ ಮುಂದಕ್ಕೆ ಬಂದು ಬಿಡಿಯಾಗುತ್ತದೆ: ‘ನೊ ಲೊ ಕೋಂಪ್ರೆಸ್’, ಅದನ್ನು ಕೊಳ್ಳಬೇಡ. ತರಗತಿಯ ಪಠ್ಯದಲ್ಲಿ ಇದನ್ನು ಮೂರು ಪ್ರತ್ಯೇಕ ಪಾಠಗಳಲ್ಲಿ ಹಂಚಿದ್ದರು. ನನಗೆ ನೆರವಾದದ್ದು ನಮ್ಮ ಪ್ರೌಢಶಾಲೆಯ ಕನ್ನಡ ವ್ಯಾಕರಣ. ‘ಮಾಡಲು’, ‘ಮಾಡುತ್ತ’ ಎಂಬ ಎರಡನ್ನೂ ಅಲ್ಲಿ ಕೃದಂತಾವ್ಯಯ ಎಂಬ ಒಂದೇ ಹೆಸರಿನಡಿ ಕಲಿಸಿದ್ದರು. ಪುರುಷ–ವಚನಗಳ ಹಂಗಿಲ್ಲದ, ವಾಕ್ಯವನ್ನು ಮುಗಿಸಲಾರದ ರೂಪಗಳು ಅವು. ವಾಕ್ಯ ಮುಗಿಸಲಾರದ ರೂಪಕ್ಕೆ ಸರ್ವನಾಮ ಬಾಲವಾಗುತ್ತದೆ, ಮುಗಿಸಬಲ್ಲ ರೂಪಕ್ಕೆ ಬಾಲವಾಗುವುದಿಲ್ಲ, ವಿಧಿರೂಪದ ಆಜ್ಞೆ ಇದಕ್ಕೆ ಅಪವಾದ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ ಮೇಲೆ ಮೂರು ಪಾಠಗಳು ಒಂದೇ ಸಾಲಿಗೆ ಇಳಿದವು. ಒಂದು ಎಚ್ಚರಿಕೆ ಮಾತ್ರ ಬೇಕು. ನಮ್ಮ ‘ಮಾಡಿ’ಯೂ ಕೃದಂತಾವ್ಯಯವೇ ಆದರೂ ಸ್ಪ್ಯಾನಿಷಿನ ಭೂತಕೃದಂತಕ್ಕೆ ಸರ್ವನಾಮ ಅಂಟುವುದಿಲ್ಲ, ‘ಲೊ ಎ ಕೊಂಪ್ರಾದೊ’, ಅಂದರೆ ‘ಅದನ್ನು ಕೊಂಡಿದ್ದೇನೆ’ ಎಂಬಲ್ಲಿ ‘ಲೊ’ ಸಹಾಯಕ ಕ್ರಿಯಾಪದದ ಮುಂದೆಯೇ ನಿಲ್ಲಬೇಕು.

ಅಂಟಿಸುವ ಕೆಲಸ ಕನ್ನಡಿಗರಿಗೆ ಕಷ್ಟವೇ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಕೊಟ್ಟುಬಿಡಬೇಕಾಗಿತ್ತಲ್ಲವೇ’ ಎಂದು ಒಂದೇ ಉಸಿರಿನಲ್ಲಿ ಹೇಳುವವರು ‘ದಾಮೆಲೊ’ ಎಂಬ ಮೂರಕ್ಷರಕ್ಕೆ ಹೆದರಬೇಕಾಗಿಲ್ಲ. ಸರ್ವನಾಮಗಳು ಎರಡಿದ್ದಾಗ ಅವುಗಳ ಅನುಕ್ರಮವೂ ನಮ್ಮದೇ. ‘ಮೆ ಲೊ ದಾ’ ಎಂಬುದನ್ನು ಪದಕ್ಕೆ ಪದ ಇಟ್ಟರೆ ‘ನನಗೆ ಅದನ್ನು ಕೊಡುತ್ತಾನೆ’ ಎಂದಾಗುತ್ತದೆ. ಸಂಪ್ರದಾನ ಮೊದಲು, ಕರ್ಮ ಅನಂತರ, ಕ್ರಿಯಾಪದ ಕೊನೆಗೆ. ಆಜ್ಞೆಯಲ್ಲಿ ಕ್ರಿಯಾಪದ ಮುಂದಕ್ಕೆ ಹೋದರೂ ಹಿಂದುಳಿದ ಎರಡರ ಅನುಕ್ರಮ ಹಾಗೆಯೇ ಉಳಿಯುತ್ತದೆ: ದಾ–ಮೆ–ಲೊ. ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಸುವ ಪುಸ್ತಕಗಳು ಈ ಅನುಕ್ರಮವನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತವೆ; ಕನ್ನಡದ ಮೂಲಕ ಕಲಿಯುವವರು ಆ ಪುಟಗಳನ್ನು ನಿಶ್ಚಿಂತೆಯಿಂದ ದಾಟಿಹೋಗಬಹುದು.

ನಿಜವಾದ ತೊಡಕು ಬೇರೆಡೆ ಇದೆ. ಕನ್ನಡದಲ್ಲಿ ಗೊತ್ತಿರುವ ಕರ್ಮವನ್ನು ನಾವು ಹೇಳುವುದೇ ಇಲ್ಲ. ‘ಫೈಲು ಕಳಿಸಿದಿರಾ?’ ಎಂದು ಯಾರಾದರೂ ಕೇಳಿದರೆ ‘ಹೌದು, ಕಳಿಸಿದೆ’ ಎನ್ನುತ್ತೇವೆ. ‘ಹೌದು, ಅದನ್ನು ಕಳಿಸಿದೆ’ ಎಂದರೆ ಕೇಳಿದವರಿಗೆ ಏನೋ ಒತ್ತಿ ಹೇಳಿದಂತೆ ತೋರುತ್ತದೆ. ಸ್ಪ್ಯಾನಿಷಿನಲ್ಲಿ ಇದಕ್ಕೆ ಪೂರ್ತಿ ವಿರುದ್ಧ. ‘ಮಂದಾಸ್ತೆ ಎಲ್ ಅರ್ಚೀಬೊ?’ ಎಂಬ ಪ್ರಶ್ನೆಗೆ ‘ಸೀ, ಲೊ ಮಂದೇ’ ಎಂದೇ ಉತ್ತರಿಸಬೇಕು; ‘ಲೊ’ ಬಿಟ್ಟು ‘ಸೀ, ಮಂದೇ’ ಎಂದರೆ ಮಾತು ನಡುವೆಯೇ ತುಂಡಾದಂತೆ ಕೇಳಿಸುತ್ತದೆ, ಎದುರಿನವರು ಏನನ್ನು ಎಂದು ಕಾಯುತ್ತಾರೆ. ತರಗತಿಯಲ್ಲಿದ್ದ ಕನ್ನಡ, ತಮಿಳು, ತೆಲುಗು ಮಾತನಾಡುವವರೆಲ್ಲರ ಉತ್ತರಗಳೂ ಒಂದೇ ಬಗೆಯಲ್ಲಿ ಮೊಟಕಾಗುತ್ತಿದ್ದುದನ್ನು ಗಮನಿಸಿದ ಮೇಲೆಯೇ ನನಗೆ ಇದು ಹೊಳೆದದ್ದು. ಸರ್ವನಾಮವನ್ನು ಎಲ್ಲಿ ಇಡಬೇಕೆಂದು ಪಾಠ ನಡೆಯುತ್ತಿತ್ತು. ನಮಗೆ ಬೇಕಾಗಿದ್ದುದು ಅದನ್ನು ಇಡಲೇಬೇಕು ಎಂಬ ಪಾಠ. ಸಂಪ್ರದಾನದಲ್ಲಂತೂ ಸ್ಪ್ಯಾನಿಷ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ‘ನಿನ್ನ ತಂಗಿಗೆ ಪುಸ್ತಕ ಕೊಡು’ ಎನ್ನಲು ‘ದಾಲೆ ಎಲ್ ಲೀಬ್ರೊ ಅ ತು ಎರ್ಮಾನ’ ಎನ್ನುತ್ತಾರೆ. ‘ತಂಗಿಗೆ’ ಎಂದು ಹೇಳಿದ ಮೇಲೂ ‘ಅವಳಿಗೆ’ ಎಂಬ ‘ಲೆ’ ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ನಾವು ಒಮ್ಮೆ ಹೇಳುವುದನ್ನು ಅವರು ಎರಡು ಸಲ ಹೇಳುತ್ತಾರೆ.

ಇದರ ಜೊತೆಗೆ ಲಿಂಗ ಬಂದು ಸೇರುತ್ತದೆ. ನಮ್ಮಲ್ಲಿ ಜೀವವಿಲ್ಲದ ವಸ್ತುವೆಲ್ಲ ‘ಅದು’. ಸ್ಪ್ಯಾನಿಷಿನಲ್ಲಿ ಪುಸ್ತಕ ಪುಲ್ಲಿಂಗ, ಕೀಲಿಕೈ ಸ್ತ್ರೀಲಿಂಗ. ಹಾಗಾಗಿ ಪುಸ್ತಕವನ್ನು ಕೇಳುವಾಗ ‘ದಾಮೆಲೊ’, ಕೀಲಿಕೈಯನ್ನು ಕೇಳುವಾಗ ‘ದಾಮೆಲ’. ಬಹುವಚನದ ವಿಷಯದಲ್ಲೂ ನಾವು ಉದಾರಿಗಳು. ‘ಎರಡು ಪುಸ್ತಕ ತಂದೆ, ಅದನ್ನು ಮೇಜಿನ ಮೇಲೆ ಇಟ್ಟಿದ್ದೇನೆ’ ಎಂದರೆ ಯಾರೂ ತಿದ್ದುವುದಿಲ್ಲ. ಅವರಿಗೆ ಅಲ್ಲಿ ‘ಲೊಸ್’ ಬೇಕೇ ಬೇಕು. ಹೀಗಾಗಿ ಬಾಯಿಂದ ಕ್ರಿಯಾಪದ ಹೊರಡುವ ಮುನ್ನವೇ, ಯಾವ ವಸ್ತುವಿನ ಬಗ್ಗೆ ಮಾತನಾಡುತ್ತಿದ್ದೇವೆ, ಸ್ಪ್ಯಾನಿಷಿನಲ್ಲಿ ಅದರ ಹೆಸರೇನು, ಅದರ ಲಿಂಗ ಯಾವುದು, ಎಷ್ಟಿವೆ ಎಂಬುದೆಲ್ಲ ತಲೆಯಲ್ಲಿ ಸಿದ್ಧವಾಗಿರಬೇಕು.

ಇದಕ್ಕೆ ನಾನು ಕಂಡುಕೊಂಡ ಅಭ್ಯಾಸ ಅಡುಗೆಯದು. ಮೆಕ್ಸಿಕೊದ ಅಡುಗೆ ವಿಧಾನಗಳನ್ನು ಓದಲು ಹಿಡಿದಾಗ, ಅಲ್ಲಿನ ಪ್ರತಿ ಸಾಲಿನಲ್ಲೂ ಒಂದು ಆಜ್ಞೆ, ಅದರ ಬಾಲದಲ್ಲಿ ಒಂದು ಸರ್ವನಾಮ ಇರುವುದು ಕಾಣಿಸಿತು. ಟೊಮ್ಯಾಟೊವನ್ನು ಮೆಕ್ಸಿಕೊದ ನಡುಭಾಗದಲ್ಲಿ ‘ಹಿತೊಮಾತೆ’ ಎನ್ನುತ್ತಾರೆ, ಅದು ಪುಲ್ಲಿಂಗ. ಸಾಲ್ಸಾ ಮಾಡಲು ಅವನ್ನು ತೊಳೆ ಎನ್ನಲು ‘ಲಾಬಲೊಸ್’, ‘ಕೊಮಾಲ್’ ಎಂಬ ಹಂಚಿನ ಮೇಲೆ ಸುಡು ಎನ್ನಲು ‘ಆಸಲೊಸ್’, ಮೆಣಸಿನಕಾಯಿಯ ಜೊತೆ ಅರೆ ಎನ್ನಲು ‘ಮ್ವೇಲೆಲೊಸ್’. ಈರುಳ್ಳಿ ‘ಸೆಬೋಯ’, ಸ್ತ್ರೀಲಿಂಗ. ಅದನ್ನು ಸಣ್ಣಗೆ ಹೆಚ್ಚು ಎನ್ನಲು ‘ಪೀಕಲ’. ರೊಟ್ಟಿಯಂಥ ತೊರ್ತೀಯಗಳು ಸ್ತ್ರೀಲಿಂಗ ಬಹುವಚನ, ಬಿಸಿ ಮಾಡುವಾಗ ‘ಕಲಿಯೇಂತಲಸ್’. ಉಪ್ಪು ಹಾಕುವಾಗ ಮಾತ್ರ ಲಿಂಗದ ಗೊಡವೆ ಇಲ್ಲ. ಯಾವುದಕ್ಕೆ ಹಾಕುತ್ತೇವೋ ಅದು ಸಂಪ್ರದಾನವಾಗುವುದರಿಂದ, ಪಾತ್ರೆಯಲ್ಲಿರುವುದು ಏನೇ ಆಗಿರಲಿ ‘ಅಗ್ರೇಗಲೆ ಸಾಲ್’. ಅಡುಗೆಮನೆಯಲ್ಲಿ ಕರ್ಮ ಕಣ್ಣೆದುರೇ ಇರುತ್ತದೆ, ಕೈಯಲ್ಲೇ ಇರುತ್ತದೆ. ಅದನ್ನು ಹೇಳದೆ ಬಿಡುವ ಕನ್ನಡದ ಅಭ್ಯಾಸ ಅಲ್ಲಿಯೇ ಅತ್ಯಂತ ಬಲವಾಗಿರುತ್ತದೆ (‘ತೊಳೆ, ಹೆಚ್ಚು, ಬೇಯಿಸು’ ಎಂದರೆ ನಮಗೆ ಸಾಕು), ಆದ್ದರಿಂದಲೇ ಅದನ್ನು ಮುರಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕೆಲವು ವಾರಗಳ ನಂತರ ನಮ್ಮ ಹುಳಿಯ ವಿಧಾನವನ್ನೇ ಸ್ಪ್ಯಾನಿಷಿನಲ್ಲಿ ಬರೆದೆ. ಹುಣಸೆಹಣ್ಣು ಮೆಕ್ಸಿಕೊದವರಿಗೂ ಚಿರಪರಿಚಿತ, ಅದರ ಪಾನಕ ಅಲ್ಲಿ ಎಲ್ಲೆಡೆ ಸಿಗುತ್ತದೆ; ಹಾಗಾಗಿ ‘ತಮರೀಂದೊ’ವನ್ನು ನೆನೆಸು, ಹಿಂಡು, ಸೋಸು ಎಂಬ ‘ರೆಮೋಹಲೊ, ಎಕ್ಸ್‌ಪ್ರೀಮೆಲೊ, ಕ್ವೇಲಲೊ’ ಎಂಬ ಸಾಲು ಗ್ವಾದಲಹಾರದ ಗೆಳತಿಯೊಬ್ಬಳಿಗೆ ಒಂದೇ ಓದಿಗೆ ಅರ್ಥವಾಯಿತು. ಒಗ್ಗರಣೆಯ ಭಾಗಕ್ಕೆ ಬಂದಾಗ ಅವಳ ಪ್ರಶ್ನೆಗಳು ಮುಗಿಯಲೇ ಇಲ್ಲ, ಆದರೆ ಅವು ವ್ಯಾಕರಣದ ಪ್ರಶ್ನೆಗಳಾಗಿರಲಿಲ್ಲ.

ಮೇಲಿನ ‘ಎಕ್ಸ್‌ಪ್ರೀಮೆಲೊ’ ಒಂದು ಬೇರೆ ಪಾಠ ಕಲಿಸಿತು. ಅದರ ನಡುವೆ ಇರುವ ‘ಮೆ’ ‘ನನಗೆ’ ಎಂಬ ಸರ್ವನಾಮವಲ್ಲ, ‘ಎಕ್ಸ್‌ಪ್ರೀಮೆ’ ಎಂಬ ಕ್ರಿಯಾಪದದ್ದೇ ಕೊನೆಯ ಅಕ್ಷರ. ‘ದೀಮೆಲೊ’ ಎಂಬಲ್ಲಿ ಅದೇ ‘ಮೆ’ ಸರ್ವನಾಮ: ದೀ–ಮೆ–ಲೊ, ಅದನ್ನು ನನಗೆ ಹೇಳು. ಕಿವಿಗೆ ಎರಡೂ ಒಂದೇ ಬಗೆಯ ಪದಗಳು. ಅಂದಿನಿಂದ ಪರೀಕ್ಷೆಯಲ್ಲಿ ಬರುತ್ತಿದ್ದ ‘ಬಿಡಿಸಿ ಬರೆಯಿರಿ’ ಎಂಬ ಪ್ರಶ್ನೆಯನ್ನು ನಾನೇ ನನಗೆ ಹಾಕಿಕೊಳ್ಳತೊಡಗಿದೆ. ಓದಿದ ಪ್ರತಿ ಉದ್ದ ಪದವನ್ನೂ ಮೂಲ ಕ್ರಿಯಾಪದ, ಸಂಪ್ರದಾನ, ಕರ್ಮ ಎಂದು ಗೀಟು ಹಾಕಿ ಬಿಡಿಸಿದೆ. ಹಾಗೆ ಬಿಡಿಸುವಾಗ ನಮ್ಮ ಲೋಪ, ಆದೇಶ ಸಂಧಿಗಳ ಹೆಸರುಗಳೇ ಅಲ್ಲಿಯೂ ಸಲ್ಲುವುದನ್ನು ಕಂಡು ಸಂತೋಷವಾಯಿತು. ‘ಬಾಮೊಸ್’ ಮತ್ತು ‘ನೊಸ್’ ಸೇರಿದರೆ ಸಕಾರ ಲೋಪವಾಗಿ ‘ಬಾಮೊನೊಸ್’, ಹೊರಡೋಣ. ಸ್ಪೇನಿನ ಬಹುವಚನದ ಆಜ್ಞೆಗೆ ‘ಒಸ್’ ಸೇರುವಾಗ ದಕಾರ ಲೋಪವಾಗುತ್ತದೆ: ‘ಸೆಂತಾದ್’ ಮತ್ತು ‘ಒಸ್’ ಸೇರಿ ‘ಸೆಂತಾಒಸ್’, ಕುಳಿತುಕೊಳ್ಳಿ. ಇದಕ್ಕೊಂದು ಅಪವಾದವಿದೆ: ‘ಹೋಗಿ’ ಎಂಬ ‘ಈದೊಸ್’ನಲ್ಲಿ ದಕಾರ ಉಳಿಯುತ್ತದೆ. ಅದನ್ನು ಜನ ಆಡುವುದು ಅಪರೂಪ. ಅವರು ‘ಈರೊಸ್’ ಎನ್ನುತ್ತಾರೆ, ಅದನ್ನು ಭಾಷೆಯ ನಿಯಮಗಳನ್ನು ಗೊತ್ತುಪಡಿಸುವ ಸ್ಪೇನಿನ ರಾಯಲ್ ಅಕಾಡೆಮಿ 2017ರಲ್ಲಿ ಒಪ್ಪಿಕೊಂಡಿತು.

ಆದೇಶಕ್ಕೆ ಉದಾಹರಣೆ ‘ಸೆ’. ‘ಅವನಿಗೆ ಅದನ್ನು’ ಎಂಬುದು ನ್ಯಾಯವಾಗಿ ‘ಲೆ ಲೊ’ ಆಗಬೇಕು. ಆಗುವುದು ‘ಸೆ ಲೊ’. ಹಾಗಾಗಿ ‘ಅವನಿಗೆ ಅದನ್ನು ಕೊಡು’ ಎಂದರೆ ‘ದಾಸೆಲೊ’. ಎರಡು ಲಕಾರಗಳು ಒಟ್ಟಿಗೆ ಬಂದರೆ ಕಿವಿಗೆ ಹಿತವಲ್ಲ ಎಂಬ ವಿವರಣೆಯನ್ನು ಹಲವರು ಕೊಡುತ್ತಾರೆ. ಅದು ನನಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ ‘ದಾಲೆ ಲ ಸಾಲ್ಸ’, ಅವನಿಗೆ ಸಾಲ್ಸಾ ಕೊಡು, ಎಂದರೆ ಯಾರೂ ಕಿವಿ ಮುಚ್ಚಿಕೊಳ್ಳುವುದಿಲ್ಲ. ಭಾಷೆಯ ಚರಿತ್ರೆ ಹೇಳುವುದೇ ಬೇರೆ. ಲ್ಯಾಟಿನ್ನಿನ ‘ಇಲ್ಲಿ ಇಲ್ಲುಂ’ ಎಂಬ ಜೋಡಿ ಸವೆದು ಮಧ್ಯಯುಗದ ಸ್ಪ್ಯಾನಿಷಿನಲ್ಲಿ ‘ಝೆ ಲೊ’ ಆಗಿತ್ತು. ‘ಲೆ ಲೊ’ ಎಂಬುದು ಆಗಲೂ ಬಳಕೆಯಲ್ಲಿರಲಿಲ್ಲ. 15–16ನೆಯ ಶತಮಾನಗಳಲ್ಲಿ ಊಷ್ಮ ಧ್ವನಿಗಳ ಉಚ್ಚಾರಣೆ ಬದಲಾಗುತ್ತ, ‘ತನ್ನನ್ನು, ತನಗೆ’ ಎಂಬ ಅರ್ಥದಲ್ಲಿ ಆಗಲೇ ಇದ್ದ ಆತ್ಮಾರ್ಥಕ ‘ಸೆ’ಯ ಜೊತೆ ಈ ‘ಝೆ’ ಬೆರೆತುಹೋಯಿತು. ಇಷ್ಟು ಓದಿದ ಮೇಲೆ ಆ ‘ಸೆ’ ನೆನಪಿನಲ್ಲಿ ತಾನಾಗಿ ನಿಂತಿತು. ಅದರ ಬಳಕೆಯಲ್ಲಿ ಒಂದು ಅಡಚಣೆ ಮಾತ್ರ ಉಳಿಯುತ್ತದೆ: ಅವನಿಗೆ, ಅವಳಿಗೆ, ಅವರಿಗೆ, ಗೌರವದ ನಿಮಗೆ ಎಂಬ ನಾಲ್ಕೂ ‘ಸೆ’ಯೇ. ಕಚೇರಿಯ ಮಾತುಕತೆಯಲ್ಲಿ ಅದರಿಂದ ಗೊಂದಲ ಹುಟ್ಟುವಂತಿದ್ದರೆ ‘ದಾಸೆಲೊ ಅ ಏಯ’ ಎಂದು, ಅವಳಿಗೆ ಎಂಬುದನ್ನು ಕೊನೆಗೆ ಸ್ಪಷ್ಟವಾಗಿ ಸೇರಿಸುತ್ತಾರೆ. ಲ್ಯಾಟಿನ್ ಅಮೆರಿಕದ ಜನ ಬಹುವಚನವನ್ನು ಹೇಗಾದರೂ ತೋರಿಸಬೇಕೆಂದು, ‘ಅವರಿಗೆ ಅದನ್ನು ಹೇಳಿದೆ’ ಎನ್ನಲು ‘ಸೆ ಲೊಸ್ ದೀಹೆ’ ಎನ್ನುವುದೂ ಉಂಟು. ‘ಸೆ’ಗೆ ಸೇರಬೇಕಾದ ಬಹುವಚನ ಪಕ್ಕದ ‘ಲೊ’ಗೆ ಹೋಗಿ ಕೂರುತ್ತದೆ. ಬರವಣಿಗೆಯಲ್ಲಿ ನಾನು ಇದನ್ನು ಬಳಸುವುದಿಲ್ಲ, ಆದರೆ ಕೇಳಿಸಿಕೊಳ್ಳಲು ಗೊತ್ತಿರಬೇಕು.

ಇನ್ನು ಒತ್ತಿನ ಗುರುತಿನ, ಅಂದರೆ ಸ್ವರದ ಮೇಲೆ ಹಾಕುವ ಗೀಟಿನ ವಿಷಯ. ‘ದಾ’ ಎಂಬ ಆಜ್ಞೆಗಾಗಲಿ ‘ದಾಮೆ’ಗಾಗಲಿ ಸ್ಪ್ಯಾನಿಷ್ ಬರವಣಿಗೆಯಲ್ಲಿ ಗುರುತು ಇಲ್ಲ, ‘ದಾಮೆಲೊ’ಗೆ ಇದೆ. ಎಷ್ಟೇ ಬಾಲ ಬೆಳೆದರೂ ಒತ್ತು ಮೂಲ ಕ್ರಿಯಾಪದದ ಸ್ವರದ ಮೇಲೆಯೇ ಉಳಿಯುತ್ತದೆ. ಪದದ ಕೊನೆಯಿಂದ ಎಣಿಸಿದಾಗ ಅದು ಮೂರನೆಯ ಅಕ್ಷರಕ್ಕೋ ಅದಕ್ಕೂ ಹಿಂದಕ್ಕೋ ಸರಿದರೆ ಗುರುತು ಕಡ್ಡಾಯ. ಕನ್ನಡದಲ್ಲಿ ಈ ಬಗೆಯ ಒತ್ತು ಇಲ್ಲದ್ದರಿಂದ ಮೊದಮೊದಲು ಎಲ್ಲ ಅಕ್ಷರಗಳೂ ಸಮನಾಗಿ ಬಾಯಿಗೆ ಬರುತ್ತಿದ್ದವು. ನಾನು ಅವನ್ನು ಕನ್ನಡ ಲಿಪಿಯಲ್ಲಿ, ಒತ್ತಿನ ಜಾಗದಲ್ಲಿ ದೀರ್ಘ ಹಾಕಿ ಬರೆದುಕೊಂಡು ಓದತೊಡಗಿದ ಮೇಲೆ ಅದು ಸರಿಹೋಯಿತು; ಸ್ಪ್ಯಾನಿಷಿನ ಒತ್ತು ಸ್ವರವನ್ನು ತುಸು ಎಳೆಯುವುದರಿಂದ ದೀರ್ಘದ ಲೆಕ್ಕ ಬಹುಮಟ್ಟಿಗೆ ಹೊಂದುತ್ತದೆ. ಈ ಉಪಾಯದ ಬೆಲೆ ಹೆಚ್ಚಾಗಿ ತಿಳಿದದ್ದು, ಅಂತರಜಾಲದ ಮೂಲಕ ಅರ್ಜೆಂಟೀನಾದ ಶಿಕ್ಷಕಿಯೊಬ್ಬರ ಬಳಿ ಪಾಠ ಹೇಳಿಸಿಕೊಂಡಾಗ. ಅಲ್ಲಿ ‘ನೀನು’ ಎಂಬುದಕ್ಕೆ ‘ಬೋಸ್’ ಎನ್ನುತ್ತಾರೆ, ಅದರ ಆಜ್ಞಾರೂಪದಲ್ಲಿ ಒತ್ತು ಕೊನೆಯ ಸ್ವರಕ್ಕೆ ಬೀಳುತ್ತದೆ. ಮೆಕ್ಸಿಕೊದ ‘ಕೋಂಪ್ರಲೊ’ ಅವರ ಬಾಯಲ್ಲಿ ‘ಕೊಂಪ್ರಾಲೊ’, ‘ದೀಮೆ’ ಎಂಬುದು ‘ದೆಸೀಮೆ’. ಮೊದಲನೆಯ ಜೋಡಿಯಲ್ಲಿ ಸ್ಪ್ಯಾನಿಷ್ ಅಕ್ಷರಗಳು ಒಂದೇ. ವ್ಯತ್ಯಾಸವೆಲ್ಲ ಒಂದು ಪುಟ್ಟ ಗೀಟಿನಲ್ಲಿದೆ. ಹಳೆಯ ಮುದ್ರಣದ ಪುಸ್ತಕಗಳನ್ನು ಓದುವವರು ಇನ್ನೊಂದನ್ನು ತಿಳಿದಿರಬೇಕು: ‘ದೇ’ ಎಂಬ ಗೌರವದ ಆಜ್ಞೆಗೆ ಗುರುತು ಇರುವುದರಿಂದ ‘ದೇಮೆ’ಗೂ ಹಿಂದೆ ಗುರುತು ಹಾಕುತ್ತಿದ್ದರು, 1999ರ ಕಾಗುಣಿತ ನಿಯಮಾವಳಿಯ ನಂತರ ಅದನ್ನು ಕೈಬಿಡಲಾಗಿದೆ.

ಬರವಣಿಗೆಯ ಮಾತು ಬಂದಾಗ ಹೇಳದೆ ಇರಲಾರದ ಒಂದು ವಿಚಿತ್ರವಿದೆ. ‘ಸಲೀರ್’, ಹೊರಡುವುದು, ಎಂಬ ಕ್ರಿಯಾಪದದ ಆಜ್ಞಾರೂಪ ‘ಸಾಲ್’. ಅದಕ್ಕೆ ‘ಲೆ’ ಅಂಟಿಸಿದರೆ, ಅವನಿಗೆ ಎದುರಾಗಿ ಹೋಗು ಎಂಬಂಥ ಅರ್ಥದಲ್ಲಿ, ‘ಸಾಲ್ಲೆ’ ಎಂದು ಉಚ್ಚರಿಸಬೇಕಾಗುತ್ತದೆ. ಆದರೆ ಸ್ಪ್ಯಾನಿಷಿನಲ್ಲಿ ಎರಡು ಲಕಾರಗಳನ್ನು ಅಕ್ಕಪಕ್ಕ ಬರೆದರೆ ಅದು ಯಕಾರದಂಥ ಬೇರೆಯೇ ಧ್ವನಿ. ಓದುವವರು ‘ಸಾಯೆ’ ಎಂದು ಓದುತ್ತಾರೆ. ಅಂಟುವ ಸರ್ವನಾಮವನ್ನು ಬಿಡಿಸಿ ಬರೆಯಲು ನಿಯಮ ಒಪ್ಪುವುದಿಲ್ಲ. ಹಾಗಾಗಿ ಬಾಯಲ್ಲಿ ಆಡಬಹುದಾದ ಈ ಪದವನ್ನು ಬರೆಯಲು ದಾರಿಯಿಲ್ಲವೆಂದು ಅಕಾಡೆಮಿಯೇ ಹೇಳಿದೆ. ಕನ್ನಡ ಲಿಪಿಯಲ್ಲಿ ಒಂದು ಒತ್ತಕ್ಷರದಿಂದ ಮುಗಿಯುವ ಕೆಲಸ.

ಎರಡು ಕ್ರಿಯಾಪದಗಳು ಜೊತೆಗೂಡಿದಾಗ ಸರ್ವನಾಮಕ್ಕೆ ಎರಡು ಜಾಗಗಳ ಆಯ್ಕೆ ಸಿಗುತ್ತದೆ. ‘ಅದನ್ನು ಕೊಳ್ಳಬೇಕೆಂದಿದ್ದೇನೆ’ ಎನ್ನಲು ‘ಕಿಯೇರೊ ಕೊಂಪ್ರಾರ್ಲೊ’ ಎಂದರೂ ಸರಿ, ‘ಲೊ ಕಿಯೇರೊ ಕೊಂಪ್ರಾರ್’ ಎಂದರೂ ಸರಿ. ಬರವಣಿಗೆಯಲ್ಲಿ ಮೊದಲನೆಯದು, ಮಾತಿನಲ್ಲಿ ಎರಡನೆಯದು ಹೆಚ್ಚು ಕಾಣುತ್ತವೆ. ಸರ್ವನಾಮಗಳು ಎರಡಿದ್ದರೆ ಅವು ಒಟ್ಟಿಗೇ ಇರಬೇಕು. ಒಂದು ಮುಂದೆ, ಒಂದು ಹಿಂದೆ ಎಂದು ಹಂಚುವಂತಿಲ್ಲ. ಎಲ್ಲ ಕ್ರಿಯಾಪದಗಳೂ ಈ ಸ್ವಾತಂತ್ರ್ಯ ಕೊಡುವುದಿಲ್ಲ. ‘ಅದನ್ನು ಮಾಡಬೇಕು’ ಎಂಬ ‘ಆಯ್ ಕೆ ಅಸೇರ್ಲೊ’ದಲ್ಲಿ ‘ಲೊ’ ಬಾಲದಲ್ಲಿಯೇ ಇರಬೇಕು. ಅನುಮಾನವಿದ್ದಾಗ ಅಂಟಿಸಿಬಿಡುವುದೇ ಕ್ಷೇಮ ಎಂಬ ನಮ್ಮ ಶಿಕ್ಷಕರ ಸಲಹೆ ಇಂದಿಗೂ ನನ್ನ ಕೈಬಿಟ್ಟಿಲ್ಲ.

ಎಲ್ಲಕ್ಕಿಂತ ನಿರಾಯಾಸವಾಗಿ ಬಂದದ್ದು, ಇತರರು ಕಷ್ಟವೆಂದು ಹೆದರಿಸಿದ್ದ ಆತ್ಮಾರ್ಥಕ ರೂಪಗಳು. ‘ಲಾಬತೆ ಲಸ್ ಮಾನೊಸ್’ ಎಂದರೆ ‘ಕೈ ತೊಳೆದುಕೊ’. ‘ನಿನ್ನ ಕೈ’ ಎಂದು ಅವರೂ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ, ಅವರ ‘ತೆ’ ಮಾಡುವ ಕೆಲಸವನ್ನು ನಮ್ಮ ‘ಕೊ’ ಮಾಡುತ್ತದೆ. ‘ಕೊಮಿಯೋ’ ಎಂದರೆ ತಿಂದ. ‘ಸೆ ಲೊ ಕೊಮಿಯೋ’ ಎಂದರೆ ಅದನ್ನು ತಿಂದೇಬಿಟ್ಟ. ಈ ‘ಸೆ’ಯ ಅರ್ಥವನ್ನು ವಿವರಿಸಲು ಶಿಕ್ಷಕರು ಪಟ್ಟ ಪಾಡು ನನಗೆ ಅನಗತ್ಯವೆನಿಸಿತು, ಏಕೆಂದರೆ ‘ಬಿಡು’ ಎಂಬುದು ನಮ್ಮಲ್ಲಿ ದಿನಬೆಳಗಾದರೆ ಬರುವ ಮಾತು. ‘ಸೆ ಮೆ ಒಲ್ಬಿದೋ’ ಎಂಬುದಂತೂ ‘ನನಗೆ ಮರೆತುಹೋಯಿತು’ ಎಂಬುದರ ತದ್ರೂಪ. ಮರೆತವನು ಕರ್ತೃವಾಗದೆ ಎರಡೂ ಕಡೆ ಸಂಪ್ರದಾನದಲ್ಲಿ ನಿಂತಿದ್ದಾನೆ. ಲೋಟ ಬಿದ್ದರೂ ಹೀಗೆಯೇ, ‘ಸೆ ಮೆ ಕಯೋ ಎಲ್ ಬಾಸೊ’ ಎಂದರೆ ಬೀಳಿಸಿದ್ದು ನಾನಲ್ಲ, ಅದು ಕೈಜಾರಿ ಬಿದ್ದುಹೋಯಿತು.

ಈಗ ನನ್ನ ಗಮನವಿರುವುದು ಯಾವ ಅರ್ಥವನ್ನೂ ಹೊರದ ‘ಲೆ’ಯ ಮೇಲೆ. ಗ್ವಾದಲಹಾರದವರು ಕರೆಯ ನಡುವೆ ‘ಆಂದಲೆ’ ಎನ್ನುತ್ತಾರೆ, ಮನೆಗೆ ಬಂದವರನ್ನು ‘ಪಾಸಲೆ’ ಎಂದು ಒಳಗೆ ಕರೆಯುತ್ತಾರೆ, ಬೇಗ ಮಾಡು ಎನ್ನಲು ‘ಕೋರ್ರೆಲೆ’ ಎನ್ನುತ್ತಾರೆ. ಇಲ್ಲಿ ಆ ‘ಲೆ’ಗೆ ಅವನಿಗೆ, ಅವಳಿಗೆ, ಅದಕ್ಕೆ ಎಂಬ ಯಾವ ಅರ್ಥವೂ ಇಲ್ಲ, ‘ಹೇಳಪ್ಪ’, ‘ಬನ್ರಪ್ಪ’ ಎಂಬಲ್ಲಿನ ‘ಅಪ್ಪ’ನಿಗೆ ತಂದೆಯ ಸಂಬಂಧ ಇಲ್ಲದಿರುವಷ್ಟೇ. ಆದ್ದರಿಂದ ಇವನ್ನು ಬಿಡಿಸಿ ಬರೆಯಲು ಹೋಗದೆ ಇಡಿಯಾಗಿಯೇ ಕಲಿಯುತ್ತಿದ್ದೇನೆ. ಯಾವ ಕ್ರಿಯಾಪದಕ್ಕೆ ಈ ‘ಲೆ’ ಒಪ್ಪುತ್ತದೆ, ಯಾವುದಕ್ಕೆ ಒಪ್ಪುವುದಿಲ್ಲ ಎಂಬುದನ್ನು ಅವರ ಮಾತು ಕೇಳಿದಾಗಲೆಲ್ಲ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಅರ್ಜೆಂಟೀನಾದ ಶಿಕ್ಷಕಿಯ ಬಳಿ ಅವನ್ನು ಬಳಸುವುದಿಲ್ಲ, ಅವರ ಕಡೆ ಆ ರೂಢಿ ಇಲ್ಲ.